ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ ಅಪರೂಪದ ಗಡ್ಡೆ: ವರದಿ ಕೈಗೆ ಬಂದ ಮೇಲೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ. ಅಮ್ಮನಿಗೆ 59 ವರ್ಷ, ಸಕ್ಕರೆ ಕಾಯಿಲೆ ಮಾತ್ರೆಯಲ್ಲೇ ಹತೋಟಿಯಲ್ಲಿದೆ. ಒಂದು ವರ್ಷದಿಂದ ಊಟವಾದ ಮೇಲೆ ಬಲಪಕ್ಕೆ ನೋಯುತ್ತಿತ್ತು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ತುಂಬ ಕಲ್ಲು, ಗೋಡೆ ದಪ್ಪ ಎಂದು ಬಂತು. 22 ದಿನಗಳ ಹಿಂದೆ ಲ್ಯಾಪರೋಸ್ಕೋಪಿಯಲ್ಲಿ ತೆಗೆದರು. ಹೊಲಿಗೆ ತೋರಿಸಲು ಹೋದಾಗ ಬಯಾಪ್ಸಿ ವರದಿ ಕೊಟ್ಟರು: ಪಿತ್ತಕೋಶದ ತುದಿಯಲ್ಲಿ, ಲಿವರ್‌ಗೆ ಅಂಟಿದ ಬದಿಯಲ್ಲಿ 2.2 ಸೆಂ.ಮೀ. ಗಡ್ಡೆ, 'ಪೂರ್ಲಿ ಡಿಫರೆನ್ಶಿಯೇಟೆಡ್ ಕಾರ್ಸಿನೋಮಾ, ನ್ಯೂರೋಎಂಡೋಕ್ರೈನ್ ಇರಬಹುದು, ಐಎಚ್‌ಸಿ ಮಾಡಿಸಿ'. ಸ್ನಾಯುಪದರ ದಾಟಿದೆ, ನಾಳದ ತುದಿ ಸ್ವಚ್ಛವಿದೆ ಎಂದೂ ಇದೆ. ಒಬ್ಬ ಡಾಕ್ಟರು ಕೂಡಲೇ ಇನ್ನೊಂದು ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ಮೊದಲು ಕೀಮೋ ಅನ್ನುತ್ತಾರೆ. ಮುಂಬೈಯಲ್ಲಿರುವ ಸೋದರಮಾವ ಟಾಟಾ ಆಸ್ಪತ್ರೆಗೆ ಕರೆದುಕೊಂಡು ಬಾ ಅನ್ನುತ್ತಾರೆ. ದೊಡ್ಡಮ್ಮ, 'ಚಾಕು ಮುಟ್ಟಿಸಿದ್ದಕ್ಕೇ ಹೀಗಾಯಿತು, ಇನ್ನು ಮುಟ್ಟಿಸಬೇಡಿ' ಅನ್ನುತ್ತಾರೆ. ಮೊದಲು ಆಪರೇಷನ್ ಮಾಡಿದವರಿಗೆ ಇದು ಗೊತ್ತಾಗಬೇಕಿತ್ತಲ್ಲವೇ? ಅಮ್ಮನಿಗೆ ಇನ್ನೂ ಹೇಳಿಲ್ಲ. ನಾವು ಮಕ್ಕಳೂ ಪಿತ್ತಕೋಶ ತೆಗೆಸಿಕೊಳ್ಳಬೇಕೇ?

ಉತ್ತರ: ನೀವು ಕೇಳದ ಒಂದು ಕೆಲಸದಿಂದ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ದಿನ ಮೀರುತ್ತಿದೆ. ಬಯಾಪ್ಸಿ ಮಾಡಿದ ಲ್ಯಾಬಿಗೆ ನಾಳೆ ಬೆಳಿಗ್ಗೆಯೇ ಫೋನ್ ಮಾಡಿ, 'ಅಮ್ಮನ ಪಿತ್ತಕೋಶದ ಉಳಿದ ಭಾಗವನ್ನು ಚೆಲ್ಲಬೇಡಿ' ಎಂದು ಹೇಳಿ. ಹೇಳಿದ್ದನ್ನೇ ಬರೆದು ಕೊಟ್ಟು ಬನ್ನಿ. ತೆಗೆದ ಪಿತ್ತಕೋಶವನ್ನು ಇಡಿಯಾಗಿ ಸೂಕ್ಷ್ಮದರ್ಶಕದಲ್ಲಿ ನೋಡುವುದಿಲ್ಲ. ಮೂರ್ನಾಲ್ಕು ತುಂಡು ಕತ್ತರಿಸಿ ಮೇಣದಲ್ಲಿ ಕೂರಿಸುತ್ತಾರೆ, ಅವೇ ಬ್ಲಾಕ್‌ಗಳು. ಮಿಕ್ಕಿದ್ದು ಫಾರ್ಮಾಲಿನ್ ಡಬ್ಬಿಯಲ್ಲಿರುತ್ತದೆ. ವರದಿ ಹೋದ ಕೆಲವೇ ವಾರಗಳಲ್ಲಿ ಆ ಡಬ್ಬಿಯನ್ನು ವಿಲೇವಾರಿ ಮಾಡುವುದು ರೂಢಿ. ಬ್ಲಾಕ್‌ಗಳು ವರ್ಷಗಟ್ಟಲೆ ಉಳಿಯುತ್ತವೆ, ಡಬ್ಬಿ ಉಳಿಯುವುದಿಲ್ಲ. ನಿಮ್ಮ ಅಮ್ಮನ ವಿಷಯದಲ್ಲಿ ಆ ಡಬ್ಬಿ ಏಕೆ ಬೇಕು ಎನ್ನುವುದು ಮುಂದೆ ಗೊತ್ತಾಗುತ್ತದೆ.

ನಿಮ್ಮ ಪತ್ರದಿಂದ ನನಗೆ ಕಾಣುವುದು ಇಷ್ಟು: ಇಬ್ಬರು ವೈದ್ಯರು ಎರಡು ದಾರಿ ಹೇಳುತ್ತಿದ್ದಾರೆ, ಆದರೆ ಗಡ್ಡೆ ಯಾವ ಜಾತಿಯದು ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ವರದಿಯಲ್ಲಿ 'ಇರಬಹುದು' ಎಂದಿದೆ, 'ಇದೆ' ಎಂದಿಲ್ಲ. ಈ ಕಾಯಿಲೆಯಲ್ಲಿ ಗಡ್ಡೆಯ ಜಾತಿ ಔಷಧಿಯನ್ನು ನಿರ್ಧರಿಸುತ್ತದೆ, ಅದು ಇಳಿದ ಆಳ ಆಪರೇಷನ್ನನ್ನು ನಿರ್ಧರಿಸುತ್ತದೆ. ಎರಡೂ ಕೈಗೆ ಬರುವ ಮೊದಲು ದಾರಿ ಆರಿಸುವುದು ಬೇಡ.

ಪಿತ್ತಕೋಶದ ಕ್ಯಾನ್ಸರ್‌ಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಅಡಿನೋಕಾರ್ಸಿನೋಮಾ, ಅಂದರೆ ಒಳಪದರದ ಗ್ರಂಥಿಕೋಶಗಳಿಂದ ಹುಟ್ಟಿದ್ದು. ಗಂಗಾ ಬಯಲಿನ ಉತ್ತರಪ್ರದೇಶ, ಬಿಹಾರದಲ್ಲಿ ಇದು ಹೆಚ್ಚು, ದಕ್ಷಿಣದಲ್ಲಿ ತುಂಬ ಕಡಿಮೆ, ಬಹುತೇಕ ಎಲ್ಲ ಕಡೆಯೂ ಹೆಂಗಸರಲ್ಲಿ ಜಾಸ್ತಿ. ಉಳಿದ ಒಂದು ಪಾಲಿನಲ್ಲಿ ಅಪರೂಪದವು ಬರುತ್ತವೆ: ಅಡಿನೋಸ್ಕ್ವೇಮಸ್, ಸಾರ್ಕೋಮಾ, ಲಿಂಫೋಮಾ, ಬೇರೆ ಕಡೆಯಿಂದ ಬಂದ ಮೆಲನೋಮಾ. ನ್ಯೂರೋಎಂಡೋಕ್ರೈನ್ ಗಡ್ಡೆಯ, ಅಂದರೆ ಹಾರ್ಮೋನ್ ತಯಾರಿಸುವ ಕೋಶಗಳ ಗುಣವಿರುವ ಗಡ್ಡೆಯ ಪಾಲು ನೂರಕ್ಕೆ ಎರಡರ ಆಸುಪಾಸು. ಮಂಗಳೂರು, ಮಣಿಪಾಲದಂಥ ದೊಡ್ಡ ಆಸ್ಪತ್ರೆಗಳಿಗೂ ಇದು ಅಪರೂಪದ ಅತಿಥಿ. ಹಾಗಾಗಿ ಒಬ್ಬ ಪೆಥಾಲಜಿಸ್ಟ್ ನೋಡಿದ ಸ್ಲೈಡನ್ನು ಇನ್ನೊಬ್ಬರು ನೋಡುವುದು ಅಪನಂಬಿಕೆಯ ಮಾತಲ್ಲ. ಮೊದಲು ನೋಡಿದವರೂ ಅದನ್ನೇ ಬಯಸುತ್ತಾರೆ.

ಈಗ ಒಂದು ಪದದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿಯೇ ಹೆಚ್ಚಿನ ಮನೆಯವರು ದಾರಿ ತಪ್ಪುತ್ತಾರೆ. ಫೋನಿನಲ್ಲಿ 'ನ್ಯೂರೋಎಂಡೋಕ್ರೈನ್' ಎಂದು ಹುಡುಕಿದರೆ 'ನಿಧಾನವಾಗಿ ಬೆಳೆಯುವ ಗಡ್ಡೆ, ಜನ ಹತ್ತಾರು ವರ್ಷ ಬದುಕುತ್ತಾರೆ, ತಿಂಗಳಿಗೊಂದು ಇಂಜೆಕ್ಷನ್ ಸಾಕು' ಎಂದು ಸಿಗುತ್ತದೆ. ಅದು ನ್ಯೂರೋಎಂಡೋಕ್ರೈನ್ 'ಟ್ಯೂಮರ್' ಬಗ್ಗೆ ನಿಜ. ನಿಮ್ಮ ವರದಿಯಲ್ಲಿರುವುದು 'ಕಾರ್ಸಿನೋಮಾ'. ಹೆಸರಿನ ಮೊದಲರ್ಧ ಒಂದೇ, ಸ್ವಭಾವ ಬೇರೆ. ಟ್ಯೂಮರ್‌ನಲ್ಲಿ ಕೋಶಗಳು ಮೂಲದ ಕೋಶವನ್ನು ಹೋಲುತ್ತವೆ, ನಿಧಾನವಾಗಿ ಹೆಚ್ಚುತ್ತವೆ. ಕಾರ್ಸಿನೋಮಾದಲ್ಲಿ ಹೋಲಿಕೆ ಅಳಿಸಿಹೋಗಿರುತ್ತದೆ, ಕೋಶಗಳು ಬಿರುಸಾಗಿ ಒಡೆಯುತ್ತವೆ, ಲಿವರ್‌ಗೂ ದುಗ್ಧರಸ ಗ್ರಂಥಿಗಳಿಗೂ (ಲಿಂಫ್ ನೋಡ್, ಮುಂದೆ ಬರೀ 'ಗ್ರಂಥಿ' ಎನ್ನುತ್ತೇನೆ) ಬೇಗ ಹೋಗುತ್ತವೆ. ಆ ತಿಂಗಳ ಇಂಜೆಕ್ಷನ್ ಇದಕ್ಕೆ ಕೆಲಸ ಮಾಡುವುದಿಲ್ಲ. ಟ್ಯೂಮರ್‌ಗೆ ಮಾಡಿಸುವ ಡೋಟಾಟೇಟ್ ಸ್ಕ್ಯಾನ್‌ನಿಂದಲೂ ಇದರಲ್ಲಿ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಸಕ್ಕರೆಯಂಥ ದ್ರವ್ಯ ಕೊಟ್ಟು ಚುರುಕಾದ ಕೋಶಗಳು ಹೊಳೆಯುವಂತೆ ಮಾಡಿ ನೋಡುವ ಎಫ್‌ಡಿಜಿ ಪೆಟ್ ಸ್ಕ್ಯಾನ್ ಬೇಕು.

ಇವನ್ನು ಬೇರ್ಪಡಿಸುವುದು ಐಎಚ್‌ಸಿ, ಅಂದರೆ ಬ್ಲಾಕಿನಿಂದ ತೆಳು ಪದರ ಕತ್ತರಿಸಿ ನಿರ್ದಿಷ್ಟ ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡುವುದು. ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್, ಐಎನ್‌ಎಸ್‌ಎಂ1 ಅಥವಾ ಸಿಡಿ56, ಸೈಟೋಕೆರಟಿನ್, ಕೆಐ-67, ಪಿ53, ಆರ್‌ಬಿ, ಇಷ್ಟು ಇರಲಿ. ಕೆಐ-67 ಎಂದರೆ ನೂರು ಕೋಶದಲ್ಲಿ ಎಷ್ಟು ಕೋಶ ಒಡೆಯುವ ತಯಾರಿಯಲ್ಲಿವೆ ಎಂಬ ಲೆಕ್ಕ. 20ಕ್ಕಿಂತ ಮೇಲಿದ್ದರೆ ಮೂರನೇ ದರ್ಜೆ, ಅಂದರೆ ಅತಿ ಬಿರುಸಿನದು. ಕಾರ್ಸಿನೋಮಾದಲ್ಲಿ ಅದು ಬಹುಪಾಲು 55ನ್ನೂ ದಾಟಿರುತ್ತದೆ. 25 ಅಥವಾ 30 ಬಂದರೆ 'ಇದು ಮೂರನೇ ದರ್ಜೆಯ ಟ್ಯೂಮರೋ, ನಿಜವಾದ ಕಾರ್ಸಿನೋಮಾವೋ' ಎಂದು ಪೆಥಾಲಜಿಸ್ಟರನ್ನು ನೇರವಾಗಿ ಕೇಳಿ. ಅಲ್ಲಿ ಚಿಕಿತ್ಸೆಯೇ ಬೇರೆಯಾಗುತ್ತದೆ.

ಡಬ್ಬಿ ಬೇಕಾಗುವುದು ಇಲ್ಲಿ. ಪಿತ್ತಕೋಶದ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾದ ಪಕ್ಕದಲ್ಲೇ ಎಷ್ಟೋ ಸಲ ಸಾಮಾನ್ಯ ಅಡಿನೋಕಾರ್ಸಿನೋಮಾವೂ ಇರುತ್ತದೆ. ಎರಡೂ ತಲಾ ಶೇಕಡಾ 30ಕ್ಕಿಂತ ಕಡಿಮೆಯಿಲ್ಲದಂತೆ ಇದ್ದರೆ ಅದನ್ನು ಮಿಶ್ರ ಗಡ್ಡೆ, ಮಿನೆನ್, ಎಂದು ಕರೆಯುತ್ತಾರೆ. ಮೂರು ಬ್ಲಾಕಿನಲ್ಲಿ ಕಾಣದ್ದು ಹದಿನೈದು ಬ್ಲಾಕಿನಲ್ಲಿ ಕಾಣಬಹುದು. ಉಳಿದ ಪಿತ್ತಕೋಶವನ್ನು ಪೂರ್ತಿ ಬ್ಲಾಕ್ ಮಾಡಿಸಿದರೆ ಇನ್ನೂ ಮೂರು ವಿಷಯ ಸಿಗುತ್ತವೆ: ಆಳ ನಿಜವಾಗಿ ಎಷ್ಟು, ನಾಳದ ಬಳಿಯ ಗ್ರಂಥಿ ಸಿಕ್ಕಿತೇ, ರಕ್ತನಾಳದೊಳಗೆ ಅಥವಾ ನರದ ಸುತ್ತ ಗಡ್ಡೆ ಇದೆಯೇ. ಪಿತ್ತಕೋಶದ ಗೋಡೆಯಲ್ಲಿ ಒಳಪದರವೇ ಚೀಲದಂತೆ ಸ್ನಾಯುವಿನೊಳಗೆ ಇಳಿದಿರುವ ಸಂದುಗಳಿರುತ್ತವೆ. ಆ ಸಂದಿನಲ್ಲಿ ಕುಳಿತ ಗಡ್ಡೆ ಆಳಕ್ಕೆ ಇಳಿದಂತೆ ತೋರಿ ಮೋಸ ಮಾಡುವುದೂ ಉಂಟು.

ಬ್ಲಾಕ್‌ಗಳನ್ನು ಮರುಪರಿಶೀಲನೆಗೆ ಒಯ್ಯುವಾಗ ಗಟ್ಟಿ ಡಬ್ಬಿಯಲ್ಲಿ, ಹತ್ತಿ ಸುತ್ತಿ ಒಯ್ಯಿರಿ. ಮೇಣ ಸುಮಾರು 56ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನಮ್ಮ ಕರಾವಳಿಯ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಆ ಮಟ್ಟಕ್ಕೆ ಹೋಗಬಲ್ಲದು.

ಇನ್ನು ಆಳದ ಮಾತು. ಪಿತ್ತಕೋಶ ಲಿವರ್‌ನ ಅಡಿಯಲ್ಲಿ ಅಂಟಿಕೊಂಡಿರುತ್ತದೆ. ಹೊಟ್ಟೆಯ ಕಡೆಗಿರುವ ಮುಖಕ್ಕೆ ಹೊರಪೊರೆ ಇದೆ, ಲಿವರ್ ಕಡೆಗಿರುವ ಮುಖಕ್ಕೆ ಇಲ್ಲ. ತೆಂಗಿನಕಾಯಿಯ ತಿರುಳನ್ನು ಚಿಪ್ಪಿನಿಂದ ಎಬ್ಬಿಸುವಾಗ ಕಂದು ಸಿಪ್ಪೆ ಕೆಲವು ಕಡೆ ತಿರುಳಿನ ಜೊತೆ ಬರುತ್ತದೆ, ಕೆಲವು ಕಡೆ ಚಿಪ್ಪಿನಲ್ಲೇ ಉಳಿಯುತ್ತದಲ್ಲ, ಕಲ್ಲಿಗೆಂದು ಮಾಡುವ ಮಾಮೂಲಿ ಆಪರೇಷನ್ನಿನಲ್ಲಿಯೂ ಹಾಗೆಯೇ. ಸ್ನಾಯುಪದರದ ಹೊರಗಿನ ತೆಳು ಅಂಗಾಂಶದ ನಡುವೆಯೇ ಬಿಡಿಸುತ್ತಾರೆ, ಆ ಅಂಗಾಂಶದ ಒಂದು ಪಾಲು ಲಿವರ್ ಮೇಲೆ ಉಳಿಯುತ್ತದೆ. ಕಲ್ಲಿಗಾದರೆ ಅದೇ ಸರಿಯಾದ ಕ್ರಮ. ಆದರೆ ನಿಮ್ಮ ಅಮ್ಮನ ಗಡ್ಡೆ ಇಳಿದಿರುವುದು ಸರಿಯಾಗಿ ಆ ಪದರಕ್ಕೇ, ಅದೂ ಲಿವರ್ ಬದಿಯಲ್ಲಿ. ಗಡ್ಡೆಯ ಆಳ ಹೇಳುವ ಗುರುತಿನಲ್ಲಿ ಇದನ್ನು ಟಿ2ಬಿ ಎನ್ನುತ್ತಾರೆ. ಗಡ್ಡೆ ಒಳಪದರದಲ್ಲೇ ನಿಂತಿದ್ದರೆ, ಅಂದರೆ ಟಿ1ಎ ಆಗಿದ್ದರೆ, ಆದ ಆಪರೇಷನ್ನೇ ಸಾಕಿತ್ತು. ಸ್ನಾಯುವಿಗೆ ತಾಗಿದ ಮೇಲೆ ಅದು ಸಾಲುವುದಿಲ್ಲ ಎಂಬುದು ಅಡಿನೋಕಾರ್ಸಿನೋಮಾದಲ್ಲಿ ಬಹುಪಾಲು ಒಪ್ಪಿತ ಮಾತು. ನ್ಯೂರೋಎಂಡೋಕ್ರೈನ್‌ನಲ್ಲೂ ಅದೇ ತರ್ಕ ಹಿಡಿಯುತ್ತೇವೆ.

ಎರಡನೇ ಆಪರೇಷನ್ ಎಂದರೆ ಪಿತ್ತಕೋಶ ಕುಳಿತಿದ್ದ ಜಾಗದ ಲಿವರ್‌ನ ತುಣುಕು, ಅಂದರೆ 4ಬಿ ಮತ್ತು 5ನೇ ಭಾಗ, ಜೊತೆಗೆ ಪಿತ್ತನಾಳ ಮತ್ತು ಲಿವರ್‌ನ ರಕ್ತನಾಳಗಳ ಸುತ್ತಲಿನ ಗ್ರಂಥಿಗಳು. ಕನಿಷ್ಠ ಆರು ಗ್ರಂಥಿ ಪರೀಕ್ಷೆಗೆ ಸಿಗಬೇಕು. ಮುಖ್ಯ ಪಿತ್ತನಾಳವನ್ನು ಎಲ್ಲರಿಗೂ ತೆಗೆಯುವುದಿಲ್ಲ, ನಾಳದ ತುದಿಯಲ್ಲಿ ಗಡ್ಡೆ ಉಳಿದಿದ್ದರೆ ಮಾತ್ರ. ಮೊದಲ ಆಪರೇಷನ್ನಿನ ತೂತುಗಳ ಗಾಯವನ್ನು ಕತ್ತರಿಸಿ ತೆಗೆಯುವ ಪದ್ಧತಿ ಹಿಂದೆ ಇತ್ತು, ಆಯುಷ್ಯಕ್ಕೆ ಲಾಭವಿಲ್ಲ ಎಂದು ಕಂಡು ಬಿಟ್ಟಿದ್ದಾರೆ. ಒಳ್ಳೆಯ ಸರ್ಜನ್ ಹೊಟ್ಟೆ ತೆರೆಯುವ ಮೊದಲು ಕ್ಯಾಮೆರಾ ಹಾಕಿ, ಹೊಟ್ಟೆಯ ಪೊರೆಯ ಮೇಲೆ ಕಾಳುಕಾಳಾಗಿ ಹರಡಿದೆಯೇ ಎಂದು ನೋಡುತ್ತಾರೆ. ಹರಡಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಮಹಾಪಧಮನಿಯ ಬಳಿಯ ಗ್ರಂಥಿಯನ್ನೂ ಮೊದಲೇ ಪರೀಕ್ಷೆಗೆ ಕಳಿಸುತ್ತಾರೆ. ಅಪಾಯಗಳೆಂದರೆ ಪಿತ್ತ ಸೋರುವುದು, ರಕ್ತಸ್ರಾವ, ಸೋಂಕು. ತೆಗೆಯುವ ಲಿವರ್ ಸಣ್ಣ ಪಾಲು, ಉಳಿದದ್ದು ನಿಭಾಯಿಸುತ್ತದೆ. ಕಲ್ಲಿನ ಆಪರೇಷನ್ ಚೆನ್ನಾಗಿ ಮಾಡುವವರೆಲ್ಲ ಇದನ್ನು ಮಾಡುವುದಿಲ್ಲ. ಲಿವರ್ ಮತ್ತು ಪಿತ್ತನಾಳದ ಆಪರೇಷನ್ ಅನ್ನೇ ಕಸುಬಾಗಿ ಮಾಡುವವರ ಕೈಗೆ ಕೊಡಿ.

ಹೊತ್ತಿನ ಬಗ್ಗೆ: ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಆಕಸ್ಮಿಕವಾಗಿ ಸಿಕ್ಕ ಪಿತ್ತಕೋಶದ ಕ್ಯಾನ್ಸರ್‌ಗೆ ಮೊದಲ ಆಪರೇಷನ್ ಆಗಿ 4ರಿಂದ 8 ವಾರದೊಳಗೆ ಎರಡನೆಯದು ಮಾಡಿದವರ ಫಲಿತಾಂಶ ಚೆನ್ನಾಗಿತ್ತು. ತೀರಾ ಬೇಗ ಹೋದರೆ ಉರಿಯೂತ ಇಳಿದಿರುವುದಿಲ್ಲ, ಅಡಗಿರುವ ಹರಡುವಿಕೆ ಕಾಣುವುದಿಲ್ಲ. ತಡವಾದರೆ ಗಡ್ಡೆಗೆ ಅವಕಾಶ ಕೊಟ್ಟಂತೆ. ನಿಮಗೆ 22 ದಿನ ಆಗಿದೆ. ಅಂದರೆ ನೀವು ತಡ ಮಾಡಿಲ್ಲ, ಕೈಯಲ್ಲಿ ಕೆಲವು ವಾರ ಇವೆ. ಐಎಚ್‌ಸಿ, ಮರುಪರಿಶೀಲನೆ, ಸ್ಕ್ಯಾನ್ ಎಲ್ಲ ಆ ವಾರಗಳಲ್ಲೇ ಒಟ್ಟೊಟ್ಟಿಗೆ ಮುಗಿಯಲಿ, ಒಂದಾದ ಮೇಲೆ ಒಂದಲ್ಲ.

ಸ್ಕ್ಯಾನ್ ಎಂದರೆ ಎದೆ, ಹೊಟ್ಟೆ, ಕಿಬ್ಬೊಟ್ಟೆಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಸಿಟಿ, ಜೊತೆಗೆ ಪೆಟ್. ಅಮ್ಮ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಸ್ಕ್ಯಾನ್ ಮಾಡುವವರಿಗೆ ಹೇಳಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ) ಮೊದಲೇ ನೋಡಿಸಿ. ಪೆಟ್ ವರದಿಯಲ್ಲಿ ಪಿತ್ತಕೋಶದ ಜಾಗವೋ ಹೊಕ್ಕುಳ ಬಳಿಯ ಗಾಯವೋ ಹೊಳೆದರೆ ಎದೆ ಒಡೆದುಕೊಳ್ಳಬೇಡಿ, ಮಾಯುತ್ತಿರುವ ಗಾಯವೂ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಹಳೆಯ ಕ್ಷಯದ ಗ್ರಂಥಿಗಳೂ ಹೊಳೆಯುತ್ತವೆ. ದೂರದ ಒಂದು ಗ್ರಂಥಿ ಹೊಳೆದ ಮಾತ್ರಕ್ಕೆ 'ಹರಡಿದೆ, ಆಪರೇಷನ್ ಇಲ್ಲ' ಎಂದರೆ, ಅದರ ಸೂಜಿ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಕ್ಯಾನ್ಸರ್‌ನ ಸುಳಿವು ಕೊಡುವ ಸಿಎ 19-9 ಎಂಬ ರಕ್ತಪರೀಕ್ಷೆಯನ್ನು ಒಂದು ಸಲ ಮಾಡಿಸಿಡಿ, ಅದರ ಮೇಲೆ ಭಾರ ಹಾಕಬೇಡಿ. ಪಿತ್ತ ಕಟ್ಟಿದರೂ ಅದು ಏರುತ್ತದೆ, ಹುಟ್ಟಿನಿಂದಲೇ ಅದನ್ನು ಉತ್ಪಾದಿಸದ ದೇಹಗಳೂ ಇವೆ.

ಹಾಗಾದರೆ ಮೊದಲು ಆಪರೇಷನ್ನೋ ಕೀಮೋವೋ? ಇಬ್ಬರು ವೈದ್ಯರೂ ತಪ್ಪು ಹೇಳಿಲ್ಲ. ಕಾಯಿಲೆ ಇಷ್ಟು ಅಪರೂಪವಾದ್ದರಿಂದ ಎರಡನ್ನೂ ಹೋಲಿಸಿ ನೋಡಿದ ದೊಡ್ಡ ಪ್ರಯೋಗ ಆಗಿಲ್ಲ. ಮೊದಲು ಆಪರೇಷನ್ ಮಾಡಿದರೆ ಉಳಿದ ಗಡ್ಡೆ ತಕ್ಷಣ ಹೋಗುತ್ತದೆ, ಗ್ರಂಥಿಗಳ ಸ್ಥಿತಿ ಖಚಿತವಾಗುತ್ತದೆ. ಆದರೆ ಚೇತರಿಕೆ ನಿಧಾನವಾದರೆ ಕೀಮೋ ಮುಂದೆ ಹೋಗುತ್ತದೆ, ಬಿರುಸಿನ ಗಡ್ಡೆಗೆ ಆ ತಿಂಗಳು ದೊಡ್ಡದು. ಮೊದಲು ಕೀಮೋ ಕೊಟ್ಟರೆ ಕಣ್ಣಿಗೆ ಕಾಣದೆ ಹರಡಿರುವುದಕ್ಕೆ ಔಷಧಿ ಬೇಗ ತಲುಪುತ್ತದೆ. ಎರಡು-ಮೂರು ಸುತ್ತಿನ ನಂತರದ ಸ್ಕ್ಯಾನ್‌ನಲ್ಲಿ ಲಿವರ್‌ನಲ್ಲಿ ಹೊಸ ಗಡ್ಡೆ ಕಂಡರೆ ಫಲವಿಲ್ಲದ ಆಪರೇಷನ್ ತಪ್ಪುತ್ತದೆ. ಇದರ ಅಪಾಯವೆಂದರೆ ಔಷಧಿ ಹಿಡಿಯದಿದ್ದರೆ ಆಪರೇಷನ್ನಿನ ಅವಕಾಶವೇ ಕೈತಪ್ಪಬಹುದು. ನನ್ನ ಅಭಿಪ್ರಾಯ ಹೀಗೆ: ಸ್ಕ್ಯಾನ್ ಸ್ವಚ್ಛವಿದ್ದು, ಮಿಶ್ರ ಗಡ್ಡೆಯಲ್ಲಿ ಅಡಿನೋ ಪಾಲು ಹೆಚ್ಚಿದ್ದರೆ ಮೊದಲು ಆಪರೇಷನ್. ಶುದ್ಧ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ ಆಗಿದ್ದು ಕೆಐ-67 ತುಂಬ ಹೆಚ್ಚಿದ್ದರೆ, ಅಥವಾ ಗ್ರಂಥಿಗಳ ಬಗ್ಗೆ ಅನುಮಾನವಿದ್ದರೆ, ಕೀಮೋದಿಂದ ಶುರು ಮಾಡುವುದರಲ್ಲಿ ಅರ್ಥವಿದೆ. ಯಾವುದೇ ಆದರೂ ಸರ್ಜನ್ ಮತ್ತು ಕೀಮೋ ವೈದ್ಯರು ಒಂದೇ ಮೇಜಿನಲ್ಲಿ ಕುಳಿತು ಒಂದೇ ಕಾಗದದಲ್ಲಿ ಬರೆದು ಕೊಡಲಿ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಟ್ಯೂಮರ್ ಬೋರ್ಡ್ ಎಂಬ ವ್ಯವಸ್ಥೆಯೇ ಇದೆ, ಕೇಳಿದರೆ ನಿಮ್ಮ ಅಮ್ಮನ ಪ್ರಕರಣವನ್ನು ಅದರ ಮುಂದೆ ಇಡುತ್ತಾರೆ.

ಔಷಧಿ ಜಾತಿಯ ಪ್ರಕಾರ ಬದಲಾಗುತ್ತದೆ ಎಂದೆ. ಅಡಿನೋಕಾರ್ಸಿನೋಮಾಗೆ ಆಪರೇಷನ್ ನಂತರ ಆರು ತಿಂಗಳು ಕ್ಯಾಪೆಸಿಟಬೀನ್ ಮಾತ್ರೆ ಕೊಡುವುದು 2019ರಲ್ಲಿ ಪ್ರಕಟವಾದ ಬಿಲ್‌ಕ್ಯಾಪ್ ಪ್ರಯೋಗದ ನಂತರ ರೂಢಿಯಾಯಿತು. ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾಗೆ ಕೊಡುವುದು ಎಟೊಪೊಸೈಡ್ ಜೊತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್, 21 ದಿನಕ್ಕೊಂದು ಸುತ್ತು, ಒಟ್ಟು 4ರಿಂದ 6. ಎಟೊಪೊಸೈಡ್ ಪ್ರತಿ ಸುತ್ತಿನಲ್ಲಿ ಮೂರು ದಿನ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 100 ಮಿ.ಗ್ರಾಂನಂತೆ. ಸಿಸ್‌ಪ್ಲಾಟಿನ್ ಮೊದಲ ದಿನ. ಸಿಸ್‌ಪ್ಲಾಟಿನ್ ಕಿಡ್ನಿ, ಕಿವಿ, ಕಾಲಿನ ನರಗಳಿಗೆ ಪೆಟ್ಟು ಕೊಡಬಲ್ಲದು. ಸಕ್ಕರೆ ಕಾಯಿಲೆಯವರಲ್ಲಿ ಇವು ಮೊದಲೇ ನವೆದಿರಬಹುದು, ಆದ್ದರಿಂದ ಕ್ರಿಯಾಟಿನಿನ್ ಲೆಕ್ಕ ನೋಡಿ ಕಾರ್ಬೋಪ್ಲಾಟಿನ್ ಒಳ್ಳೆಯದೇ ಎಂದು ಕೇಳುವುದು ತಪ್ಪಲ್ಲ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಸಕ್ಕರೆಯನ್ನು 300ರ ಮೇಲೂ ಒಯ್ಯಬಹುದು. ಕೀಮೋ ದಿನಗಳಲ್ಲಿ ಮನೆಯಲ್ಲಿ ಗ್ಲೂಕೋಮೀಟರ್ ಇರಲಿ, ಕೆಲವು ದಿನ ಇನ್ಸುಲಿನ್ ಬೇಕಾದರೆ ಹೆದರಬೇಡಿ. ಕೂದಲು ಉದುರುತ್ತದೆ, ಮುಗಿದ ಮೇಲೆ ಬರುತ್ತದೆ. ಊಟಕ್ಕೆ ಪಥ್ಯವೇನೂ ಇಲ್ಲ: ಕುಚ್ಚಲಕ್ಕಿ ಗಂಜಿ, ಮೊಟ್ಟೆ, ಮೀನು ಎಲ್ಲ ಆಗಬಹುದು, ಬೆಂದಿರಬೇಕು ಮತ್ತು ಬಿಸಿಯಿರಬೇಕು.

ಜ್ವರದ ಬಗ್ಗೆ ಮಾತ್ರ ಕಟ್ಟುನಿಟ್ಟು. ಪ್ರತಿ ಸುತ್ತಿನ 10ರಿಂದ 14ನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಜ್ವರ ಎಂದರೆ ಮಲೇರಿಯಾ, ಡೆಂಗಿ, ಇಲಿಜ್ವರ ಎಂದು ಪ್ಯಾರಾಸಿಟಮಾಲ್ ಕೊಟ್ಟು ಎರಡು ದಿನ ನೋಡುವ ಅಭ್ಯಾಸವಿದೆ. ಕೀಮೋದಲ್ಲಿರುವವರಿಗೆ ಆ ಎರಡು ದಿನ ಪ್ರಾಣಕ್ಕೆ ಎರವಾಗುತ್ತದೆ. ಆ ಪರೀಕ್ಷೆಗಳನ್ನೂ ಮಾಡಲಿ, ಆದರೆ ಆಂಟಿಬಯಾಟಿಕ್ ಮೊದಲು ರಕ್ತನಾಳಕ್ಕೆ ಹೋಗಲಿ.

ದೊಡ್ಡಮ್ಮನ ಮಾತಿಗೆ ಬರುತ್ತೇನೆ. ಚಾಕು ಮುಟ್ಟಿದ್ದರಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ಅದು ಮೊದಲೇ ಇತ್ತು, ಆಪರೇಷನ್ ಆದದ್ದರಿಂದ ಕಂಡಿತು. ಆದರೆ ಆ ಭಯದ ಮೂಲದಲ್ಲಿ ಒಂದು ಸತ್ಯದ ಎಳೆ ಇದೆ. ಬಿಡಿಸುವಾಗ ಪಿತ್ತಕೋಶ ಹರಿದು ಪಿತ್ತ ಚೆಲ್ಲಿದ್ದರೆ ಗಡ್ಡೆಯ ಕೋಶಗಳು ಹೊಟ್ಟೆಯ ಪೊರೆಗೆ ಬೀಳಬಹುದು. ಆದ್ದರಿಂದ ಆಪರೇಷನ್ ನೋಟ್ಸ್‌ನ ಪ್ರತಿ ಪಡೆದುಕೊಳ್ಳಿ, ಮೂರು ವಿಷಯ ಹುಡುಕಿ: ಪಿತ್ತ ಚೆಲ್ಲಿತ್ತೇ, ಚೀಲದಲ್ಲಿ ಹಾಕಿ ತೆಗೆದರೇ, ಯಾವ ತೂತಿನಿಂದ ತೆಗೆದರು. ಚೆಲ್ಲಿದ್ದರೆ ಕೀಮೋ ಮೊದಲು ಎನ್ನುವ ಕಡೆಗೆ ತಕ್ಕಡಿ ವಾಲುತ್ತದೆ. ಕೇಳುವಾಗ ಆರೋಪದ ಧ್ವನಿ ಬೇಡ. ಕಲ್ಲು ತುಂಬಿದ, ಉರಿಯೂತದಿಂದ ಗೋಡೆ ದಪ್ಪಗಾದ ಪಿತ್ತಕೋಶದಲ್ಲಿ ಎರಡು ಸೆಂಟಿಮೀಟರ್ ಗಡ್ಡೆಯನ್ನು ಅಲ್ಟ್ರಾಸೌಂಡ್ ಬಿಟ್ಟುಬಿಡುವುದು ಸಾಮಾನ್ಯ, ಕಲ್ಲಿನ ನೆರಳು ಅದನ್ನು ಮುಚ್ಚುತ್ತದೆ. ಗೋಡೆ ಒಂದೇ ಕಡೆ ದಪ್ಪವಾಗಿದ್ದರೆ ಆಪರೇಷನ್ನಿಗೆ ಮೊದಲೇ ಸಿಟಿ ಮಾಡಿಸುವುದು ಒಳ್ಳೆಯದು, ಸುತ್ತಲೂ ಸಮನಾಗಿ ದಪ್ಪವಿದ್ದರೆ ಅನುಮಾನ ಬರುವುದು ಕಷ್ಟ. ನಿಮ್ಮ ಸರ್ಜನ್ ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿದರಲ್ಲ, ಅದು ದೊಡ್ಡದು. 'ಬರೀ ಕಲ್ಲು' ಎಂದು ಕಳಿಸದೆ ಬಿಟ್ಟಿದ್ದರೆ ಇದು ಗೊತ್ತಾಗುತ್ತಿದ್ದುದು ಕಾಮಾಲೆ ಬಂದ ಮೇಲೆ.

ಬಾಳೆದಿಂಡಿನ ರಸ ಕುಡಿಸಿದ್ದರೆ ಆಗುತ್ತಿತ್ತು ಎಂದು ಯಾರಾದರೂ ಅಂದರೆ ಕೊರಗಬೇಡಿ. ಜನ ಅದನ್ನು ಕುಡಿಯುವುದು ಮೂತ್ರದ ಕಲ್ಲಿಗೆ, ಪಿತ್ತಕೋಶಕ್ಕೂ ಅದಕ್ಕೂ ಸಂಬಂಧವಿಲ್ಲ. ಎಣ್ಣೆ-ಲಿಂಬೆರಸ ಕುಡಿದು ಹೊರಬರುವ ಹಸಿರು ಉಂಡೆಗಳು ಕಲ್ಲಲ್ಲ, ಆ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು.

ಟಾಟಾ ಆಸ್ಪತ್ರೆಗೆ ಹೋಗಬೇಕೇ? ಸೋದರಮಾವನ ಕಾಳಜಿ ಸರಿಯಾದದ್ದು, ಅಲ್ಲಿನ ಪೆಥಾಲಜಿ ಅಭಿಪ್ರಾಯ ಬೆಲೆಯುಳ್ಳದ್ದು. ಅದಕ್ಕೆ ಮೊದಲು ಹೋಗಬೇಕಾದದ್ದು ಬ್ಲಾಕ್, ಅಮ್ಮ ಅಲ್ಲ. ಬ್ಲಾಕ್, ಸ್ಲೈಡ್, ಸಿಟಿಯ ಸಿಡಿ, ಆಪರೇಷನ್ ನೋಟ್ಸ್ ಹಿಡಿದು ಮನೆಯವರೊಬ್ಬರು ಮತ್ಸ್ಯಗಂಧ ರೈಲು ಹತ್ತಿದರೆ ಆಯಿತು, ಬ್ಲಾಕ್ ಪಡೆಯುವುದಕ್ಕೆ ಏನೇನು ಕಾಗದ ಬೇಕು ಎಂದು ಮೊದಲೇ ವಿಚಾರಿಸಿಕೊಳ್ಳಿ. ಆಪರೇಷನ್ ಅಲ್ಲಿಯೇ ಆಗಲಿ ಎಂದು ತೀರ್ಮಾನವಾದರೂ ಕೀಮೋ ಮನೆಯ ಹತ್ತಿರವೇ ಇರಲಿ. 21 ದಿನಕ್ಕೊಮ್ಮೆ ಮೂರು ದಿನ, ನಡುವೆ ರಕ್ತಪರೀಕ್ಷೆ, ನಡುರಾತ್ರಿ ಬರಬಹುದಾದ ಜ್ವರ, ಇದೆಲ್ಲ ಪರಊರಿನಲ್ಲಿ ನಡೆಯುವ ಕೆಲಸವಲ್ಲ. ಖರ್ಚಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇಕಡಾ 30, ಗರಿಷ್ಠ ಒಂದೂವರೆ ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಮತ್ತು ಮುಂಗಡ ಮಂಜೂರಾತಿ ಚಿಕಿತ್ಸೆಗೆ ಮೊದಲೇ ಆಗಬೇಕು. ಉಡುಪಿಯ ಜಿಲ್ಲಾಸ್ಪತ್ರೆಯಲ್ಲಿ ಈ ವಾರವೇ ವಿಚಾರಿಸಿ.

ಅಮ್ಮನಿಗೆ ಹೇಳಿ. ಸಹಿ ಹಾಕಬೇಕಾದವರು ಅವರು, ಕೂದಲು ಉದುರುವುದು ಅವರದು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಬಾಯಿಂದ ತಿಳಿದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಒಂದೇ ಸಲ ಎಲ್ಲ ಬೇಡ: 'ತೆಗೆದ ಪಿತ್ತಕೋಶದಲ್ಲಿ ಕೆಟ್ಟ ಗಡ್ಡೆ ಇತ್ತು, ಅದಕ್ಕೆ ಇನ್ನೂ ಚಿಕಿತ್ಸೆ ಬೇಕು' ಎಂದು ಶುರು ಮಾಡಿ, ಅವರು ಕೇಳಿದಷ್ಟು ಹೇಳಿ. ಇದು ಗುಣವಾಗುತ್ತದೆಯೇ ಎಂದು ಕೇಳಿದರೆ ಸುಳ್ಳು ಭರವಸೆ ಕೊಡಬೇಡಿ. ಇದು ಬಿರುಸಿನ ಕಾಯಿಲೆ, ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲೇ, ಅದಕ್ಕೇ ಮೂರು-ನಾಲ್ಕು ತಿಂಗಳಿಗೊಮ್ಮೆ ಸ್ಕ್ಯಾನ್. ಆದರೂ ಹೆಚ್ಚಿನವರಿಗೆ ಇದು ಗೊತ್ತಾಗುವುದು ಲಿವರ್‌ಗೆ ಹೋದ ಮೇಲೆ. ನಿಮ್ಮ ಅಮ್ಮನದು ಅದಕ್ಕಿಂತ ಮೊದಲೇ ಸಿಕ್ಕಿದೆ ಎನ್ನುವುದನ್ನು ಧೈರ್ಯವಾಗಿ ಹೇಳಬಹುದು, ಅದು ನಿಜ.

ಮಕ್ಕಳು ಒಂದು ಅಲ್ಟ್ರಾಸೌಂಡ್ ಮಾಡಿಸಿದರೆ ಸಾಕು. ಏನೂ ಇಲ್ಲದ ಪಿತ್ತಕೋಶವನ್ನು ತೆಗೆಸಬೇಡಿ, ತೊಂದರೆ ಕೊಡದ ಸಣ್ಣ ಕಲ್ಲಿಗೂ ಬೇಡ. ಪಾಲಿಪ್ (ಒಳಗೋಡೆಯಿಂದ ಚಾಚಿದ ಮಾಂಸದ ಮೊಗ್ಗು) 10 ಮಿ.ಮೀ. ಅಥವಾ ಹೆಚ್ಚಿದ್ದರೆ, ಕಲ್ಲು 3 ಸೆಂ.ಮೀ. ದಾಟಿದ್ದರೆ ಅಥವಾ ಗೋಡೆ ಒಂದೇ ಕಡೆ ದಪ್ಪಗಾಗಿದ್ದರೆ ಸರ್ಜನ್‌ಗೆ ತೋರಿಸಿ, ಅಮ್ಮನ ವರದಿಯನ್ನೂ ಜೊತೆಗೆ ಒಯ್ಯಿರಿ.